ದಡಕ್ಕೆ ಮುಖ ಮಾಡಿದ ಕುದುರೆ

"ಅವನು ಮುಳುಗಲ್ಲ ಅಬ್ದಿಯಾಸಣ್ಣ, ನೀನು ತಪ್ಪು ಓದ್ತಿದ್ದೀಯ," ಎಂದಳು ಒಟೀಲಿಯಾ.

ಶನಿವಾರದ ಸಂತೆಯಲ್ಲಿ, ಹಗ್ಗಕ್ಕೆ ನೇತುಹಾಕಿದ ಪದ್ಯಪುಸ್ತಕಗಳ ಕೆಳಗೆ ನಿಂತಿದ್ದ ಅಬ್ದಿಯಾಸನಿಗೆ ಮೈಯೆಲ್ಲ ಉರಿಯಿತು. ಪದ್ಯ ಕಟ್ಟಿದವನು ಅವನು, ಮುಖಪುಟದ ಚಿತ್ರವನ್ನು ಮರದಲ್ಲಿ ಕೆತ್ತಿದವನೂ ಅವನೇ. ಎಂದೂ ಕೊನೆಯ ಪುಟ ಓದದೆ, ಬೇಕಾದವರು ಕೊಂಡು ಓದಲಿ ಎಂದು ನಿಲ್ಲಿಸುವವನು, ಇವಳು ಬೇಡಿಕೊಂಡಳೆಂದು ಇವತ್ತು ಪೂರ್ತಿ ಓದಿದ್ದ. ಪದ್ಯದಲ್ಲಿ ದನಗಾಹಿಯೊಬ್ಬ ಹೊಳೆಯ ಪ್ರವಾಹಕ್ಕೆ ಕುದುರೆ ಇಳಿಸುತ್ತಾನೆ, ಮುಳುಗುತ್ತಾನೆ. ಹುಡುಗಿ ದಡದಲ್ಲಿ ಕಾಯುತ್ತಲೇ ಮುದುಕಿಯಾಗುತ್ತಾಳೆ. ಇದಕ್ಕೆ ಅಳದ ಹೆಂಗಸು ಸೆರ್ತಾವ್ ಎಂಬ ಆ ಒಣಸೀಮೆಯಲ್ಲೇ ಇಲ್ಲ ಎಂಬುದು ಅವನ ಜಂಬ.

"ಬರೆದವನೇ ನಾನು, ತಾಯಿ!"

"ಬರೆದಿರಬಹುದು. ಓದಿದ್ದು ನನ್ನ ಗಂಡ ಲೌರಿಂದೊ. ಪ್ರತಿ ಶನಿವಾರ ಊಟ ಆದ್ಮೇಲೆ ಓದಿ ಹೇಳೋನು. ಅವನು ಹೋಗಿ ವರ್ಷ ಆಯ್ತು, ಪುಸ್ತಕ ಗೆದ್ದಲು ತಿಂತು. ಇನ್ನೊಂದು ಸಲ ಕೇಳೋಣ ಅಂತ ಬಂದೆ. ಆ ದನಗಾಹಿ ದಾಟಿ ಬರ್ತಾನಪ್ಪ. ಮೂವತ್ತು ವರ್ಷ ಲೌರಿಂದೊ ನಂಗೆ ಸುಳ್ಳು ಓದಿದ್ನಾ?"

ಪಕ್ಕದಲ್ಲಿ ಮರಗೆಣಸಿನ ಹಿಟ್ಟು ಮಾರುವವನು ಕಿಸಕ್ಕನೆ ನಕ್ಕ. "ಏನಣ್ಣ, ನಿನ್ನ ಕಥೆ ನಿಂಗೇ ಬರಲ್ವಾ?"

ಅಬ್ದಿಯಾಸ್ ಕೈಯಲ್ಲಿದ್ದ ಪುಸ್ತಕ ಮುಚ್ಚಿ ಮುಖಪುಟ ನೋಡಿದ. ಕುದುರೆಗಳಿಗೆ ಜೀನು ಹೊಲಿಯುತ್ತಿದ್ದ ಲೌರಿಂದೊ ಕಣ್ಣಮುಂದೆ ಬಂದಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಎಲ್ಲಿ ಹೋದರೂ ಹೆಬ್ಬೆಟ್ಟು. ಪುಸ್ತಕ ಕೊಳ್ಳುವಾಗ ಒಳಗೆ ತೆರೆಯುತ್ತಲೇ ಇರಲಿಲ್ಲ. ಚರ್ಮದ ವಾಸನೆಯ ಬೆರಳನ್ನು ಮುಖಪುಟದ ಮೇಲೆ ಆಡಿಸುತ್ತ ನಿಲ್ಲುತ್ತಿದ್ದ. ಒಮ್ಮೆ ಕೇಳಿದ್ದ: "ಈ ಸವಾರ ಹುಡುಗಿ ಕಡೆಗೇ ಬರ್ತಿದ್ದಾನಲ್ಲ, ದಾಟಿಬಿಟ್ಟ ತಾನೇ?" ಅವತ್ತು ಅಬ್ದಿಯಾಸ್ ಮಾತು ಹಾರಿಸಿದ್ದ.

ಕಾರಣವಿತ್ತು. ಮುಖಪುಟದ ಹುಡುಗಿಯದು ಹಳೆಯ ಮರದಚ್ಚು. ಕುದುರೆ ಸವಾರನನ್ನು ಮಾತ್ರ ಹೊಸದಾಗಿ ಕೆತ್ತಿ ಪಕ್ಕಕ್ಕೆ ಜೋಡಿಸಿದ್ದ. ಮರದಲ್ಲಿ ಬಲಕ್ಕೆ ಕೆತ್ತಿದ್ದು ಕಾಗದದ ಮೇಲೆ ಎಡಕ್ಕೆ ಬೀಳುತ್ತದೆ ಎಂಬುದನ್ನು ಅವಸರದಲ್ಲಿ ಮರೆತಿದ್ದ. ದೂರ ಹೋಗಬೇಕಾದ ಕುದುರೆ ಹುಡುಗಿಯ ಕಡೆಗೇ ತಿರುಗಿ ಅಚ್ಚಾಯಿತು. ಕೆತ್ತುವವನಿಗೆ ಇದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಯಾರೂ ಗಮನಿಸಲಿಲ್ಲವೆಂದು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ.

ರೇಡಿಯೊ ಮನೆಮನೆಗೆ ಬರುವ ಮೊದಲಿನ ಆ ಶನಿವಾರಗಳು, ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದ ಲೌರಿಂದೊ, ಎಲ್ಲ ಅವನಿಗೆ ನೆನಪಾದವು. ಪುಸ್ತಕವನ್ನು ಎತ್ತಿ ಎಲ್ಲರಿಗೂ ತೋರಿಸಿದ.

"ನೋಡ್ರಪ್ಪ, ಕುದುರೆ ಮುಖ ಎಲ್ಲಿದೆ? ದಡಕ್ಕೆ. ಒಳಗಿನ ಪದ್ಯ ತಪ್ಪಾಗಿದೆ, ಒಟೀಲಿಯಮ್ಮ. ತಪ್ಪು ನಂದೇ. ಲೌರಿಂದೊ ಸರಿಯಾಗೇ ಓದಿದ್ದಾನೆ."

ಹಿಟ್ಟಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಬ್ದಿಯಾಸ್ ಅವನನ್ನು ನಗಲು ಬಿಟ್ಟ.

"ಹೇಳಮ್ಮ, ದಡ ಹತ್ತಿ ಬಂದೋನು ಏನಂದ?"

"ಒದ್ದೆ ಬಟ್ಟೇಲೇ ನಿಂತ್ಕೊಂಡು, ಕಾಫಿ ಇದೆಯಾ ಅಂದ."

"ಇತ್ತಾ?"

"ಆರಿಹೋಗಿತ್ತು. ಮತ್ತೆ ಬಿಸಿ ಮಾಡಿದ್ಲು."

ಅಬ್ದಿಯಾಸ್ ತನ್ನ ಪೆಟ್ಟಿಗೆಯ ಮೇಲೆ ಅವಳನ್ನು ಕೂರಿಸಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಕೇಳುವವರ ನಡುವೆ ಹೋಗಿ ನಿಂತ.