ಟೈಲರ್ ಮಾಸ್ತರರು ಮರೆತ ಅಳತೆ

ರಕ್ತ ಪರೀಕ್ಷೆಯ ವರದಿ ಕೈಗೆ ಬಂದರೆ ಸಾಕು, ಡಾಕ್ಟರು ನೋಡುವ ಮೊದಲೇ ಮನೆಯವರೆಲ್ಲ ಅರ್ಧ ಡಾಕ್ಟರಾಗಿಬಿಡುತ್ತಾರೆ. ನಮ್ಮ ಬೀದಿಯ ಟೈಲರ್ ಮಾಸ್ತರರೂ ಹಾಗೇ ಆದರು.

ಅವರ ಹೆಂಡತಿಗೆ ಎದೆಯಲ್ಲಿ ಸೋಂಕಾಗಿ ಜ್ವರ ಬಂದಿತ್ತು. ಡಾಕ್ಟರು ಏಳು ದಿನಕ್ಕೆ ಮಾತ್ರೆ ಬರೆದು, ಐದನೇ ದಿನ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದರು. ಮೊದಲ ಸಲ ಆಸ್ಪತ್ರೆಯಲ್ಲೇ ಮಾಡಿಸಿದ್ದು. ಎರಡನೇ ಸಲ ಹತ್ತಿರವೆಂದು ಬೀದಿ ಮೂಲೆಯ ಲ್ಯಾಬಿನಲ್ಲಿ. ಮೊದಲ ವರದಿಯಲ್ಲಿ ಸಿಆರ್‌ಪಿ ಎಂಬುದರ ಮುಂದೆ 4.8 ಇತ್ತು. ಎರಡನೆಯದರಲ್ಲಿ 12. ಪಕ್ಕದಲ್ಲಿ ‘ಹೆಚ್ಚು’ ಎಂದು ದಪ್ಪ ಅಕ್ಷರದಲ್ಲಿ ಬೇರೆ ಅಚ್ಚಾಗಿತ್ತು.

ಕಾಯಿಲೆ ಏರಿದೆ ಎಂದುಕೊಂಡರು ಮಾಸ್ತರರು. ವರದಿಗಳನ್ನು ಮಡಚಿ ಕಾಜಾ ದಾರದ ಡಬ್ಬಿಯಲ್ಲಿ ಬಚ್ಚಿಟ್ಟರು. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವವಳು ಹೆಂಡತಿಯೊಬ್ಬಳೇ. ಅವಳು ಜ್ವರದಿಂದ ಮಲಗಿದ ಮೇಲೆ ಆ ಡಬ್ಬಿ ತೆರೆದವರಿಲ್ಲ. ಮರುದಿನ ಬೆಳಿಗ್ಗೆ, “ಈ ಮಾತ್ರೆ ನಿನಗೆ ಒಗ್ತಿಲ್ಲ, ಬೇಡ ಬಿಡು” ಎಂದರು.

“ಜ್ವರ ಬಿಟ್ಟಿದೆಯಲ್ರೀ, ಹಸಿವೂ ಆಗ್ತಿದೆ” ಎಂದಳು ಅವಳು. ಮಾಸ್ತರರ ಕಿವಿಗೆ ಅದು ಬೀಳಲಿಲ್ಲ. ತಲೆಯಲ್ಲಿ ಹನ್ನೆರಡು ಕೂತಿತ್ತು.

ಹತ್ತು ಗಂಟೆಗೆ ಪಕ್ಕದ ಮನೆಯ ನರ್ಸಮ್ಮ ತನ್ನ ಬಿಳಿ ಕೋಟು ಕೇಳಿಕೊಂಡು ಬಂದಳು. ಕೋಟಿಗೆ ಇನ್ನೂ ಕಾಜಾ ಆಗಿರಲಿಲ್ಲ.

“ಕೂತ್ಕೋ, ನಾನೇ ಹಾಕಿಕೊಡ್ತೀನಿ” ಎನ್ನುತ್ತ ಹೆಂಡತಿ ಒಳಗಿನಿಂದ ಎದ್ದು ಬಂದು ಡಬ್ಬಿ ತೆರೆದಳು. ದಾರದ ಮೇಲೆ ಎರಡು ವರದಿ.

ಕಳ್ಳತನ ಬಯಲಾಯಿತು. ಮಾಸ್ತರರು ತಡೆತಡೆದು ಎಲ್ಲ ಹೇಳಿದರು. ನರ್ಸಮ್ಮ ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, “ಅಣ್ಣಾ, ನನ್ನ ಕೋಟಿನ ಉದ್ದ ಎಷ್ಟು?” ಎಂದಳು.

“ಮೂವತ್ತಾರು.”

“ನಾನು ತಂದ ಆಸ್ಪತ್ರೆಯ ಅಳತೆ ಚೀಟಿಲಿ ತೊಂಬತ್ತೊಂದು ಅಂತಿತ್ತು. ನನ್ನ ಕೋಟು ಕುಗ್ಗಿಹೋಯ್ತಾ?”

“ಅದು ಸೆಂಟಿಮೀಟರು ಕಣಮ್ಮ, ಇದು ಇಂಚು. ಟೇಪಿನ ಎರಡು ಮಗ್ಗುಲು.”

“ಇಲ್ಲೂ ಅದೇ ಕಥೆ. ಆಸ್ಪತ್ರೆಯವರು ಡೆಸಿಲೀಟರ್ ಲೆಕ್ಕ ಬರೆದಿದ್ದಾರೆ, ಲ್ಯಾಬಿನವರು ಲೀಟರ್ ಲೆಕ್ಕ. ಲೀಟರಿಗೆ ಹತ್ತು ಡೆಸಿಲೀಟರು. ನಿಮ್ಮ 4.8ನ್ನ ಲೀಟರಿಗೆ ತಂದ್ರೆ ನಲವತ್ತೆಂಟು. ಅದೀಗ ಹನ್ನೆರಡಕ್ಕೆ ಇಳಿದಿದೆ.”

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತರು. “ಮತ್ತೆ ‘ಹೆಚ್ಚು’ ಅಂತ ಯಾಕೆ ಹಾಕಿದ್ದಾರೆ?”

“ಐದರ ಒಳಗಿರ್ಬೇಕು ಅಂತ ಇಲ್ಲೇ ಬರೆದಿದ್ದಾರೆ ನೋಡಿ. ಇನ್ನೂ ಪೂರ್ತಿ ಇಳಿದಿಲ್ಲ, ಅಷ್ಟೇ. ಮೈಯೊಳಗೆ ಉರಿಯೂತ ಇದೆ ಅಂತ ಮಾತ್ರ ಸಿಆರ್‌ಪಿ ಹೇಳುತ್ತೆ. ಎಲ್ಲಿ, ಯಾಕೆ ಅಂತ ಡಾಕ್ಟರೇ ಅತ್ತಿಗೇನ ನೋಡಿ ಹೇಳ್ಬೇಕು.”

“ಇಎಸ್‌ಆರ್ ಅಂತ ಇನ್ನೊಂದಿದೆಯಲ್ಲ, ಅದು ಇಳಿದೇ ಇಲ್ಲ?”

“ಅದೂ ಉರಿಯೂತದ್ದೇ ಲೆಕ್ಕ, ಆದ್ರೆ ಸೋಮಾರಿ. ಕಾಯಿಲೆ ವಾಸಿಯಾಗ್ತಿದ್ರೂ ಇಳಿಯೋಕೆ ವಾರಗಟ್ಟಲೆ ತಗೊಳ್ಳುತ್ತೆ. ಅದಿರ್ಲಿ, ಬೆಳಗಿನ ಮಾತ್ರೆ ಆಯ್ತಾ?”

“ಇವರೇ ಬೇಡ ಬಿಡು ಅಂದ್ರು” ಎಂದಳು ಹೆಂಡತಿ. ನರ್ಸಮ್ಮನ ನಗು ಮಾಯವಾಯಿತು. “ಸೋಂಕಿನ ಮಾತ್ರೆ ನಡುವೆ ಬಿಟ್ರೆ ಇಳಿದಿದ್ದು ಮತ್ತೆ ಏರಬಹುದು. ಈಗಲೇ ಡಾಕ್ಟರಿಗೆ ಫೋನ್ ಮಾಡಿ.”

ಡಾಕ್ಟರು, ತಪ್ಪಿದ ಮಾತ್ರೆ ಈಗಲೇ ಕೊಡಿ, ಉಳಿದಿದ್ದನ್ನು ಬಿಡದೆ ಮುಗಿಸಿ, ನಾಳೆ ಎರಡೂ ವರದಿ ತನ್ನಿ ಎಂದರು. ಮಾಸ್ತರರೇ ನೀರು ತಂದು ಮಾತ್ರೆ ಕೊಟ್ಟರು.

ಹೆಂಡತಿ ಮಾತ್ರೆ ನುಂಗಿ, ಅವರ ಕೊರಳಿನ ಟೇಪನ್ನು ಮೆಲ್ಲಗೆ ಎಳೆದಳು. “ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ.” ಮಾಸ್ತರರು ನಕ್ಕರು. ಕಣ್ಣಲ್ಲಿ ನೀರಿತ್ತು.

ನಿಮ್ಮ ಮನೆಗೂ ಇಂಥ ವರದಿ ಬಂದೀತು. ಅಂಕಿ ನೋಡಿ ಹೆದರುವ ಮೊದಲು ಅದರ ಪಕ್ಕದ ಅಳತೆ ನೋಡಿ. ಆದಷ್ಟು ಒಂದೇ ಲ್ಯಾಬಿಗೆ ಹೋಗಿ. ಹಳೆಯ ವರದಿಯನ್ನೂ ಜೊತೆಗಿಟ್ಟುಕೊಂಡು ಡಾಕ್ಟರಿಗೆ ತೋರಿಸಿ, ಗೊತ್ತಾಗದ್ದನ್ನು ನಾಚಿಕೆ ಪಡದೆ ಕೇಳಿ. ವರದಿ ಬಚ್ಚಿಡಬೇಡಿ. ಡಾಕ್ಟರು ಹೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ.