ನೆವ್ಯಾನಾಳ ಗಂಟಲು

ಸ್ಟೊಯ್ಮೆನ್ ಮೂವತ್ತೊಂದು ವರ್ಷ ಗಾಬ್ರೊವೊ ಊರಿನ ಉಣ್ಣೆ ಗಿರಣಿಯಲ್ಲಿ ಮಗ್ಗ ನೋಡಿಕೊಂಡವನು. ಪಿಂಚಣಿಗೆ ಬರುವಷ್ಟರಲ್ಲಿ ಎರಡು ಕಿವಿಯೂ ಹೋಗಿದ್ದವು. ಅವನ ಹೆಂಡತಿ ನೆವ್ಯಾನಾ ಹನ್ನೆರಡು ವರ್ಷ ಕೂಗಿಕೊಂಡೇ ಸಂಸಾರ ಮಾಡಿದಳು. ಅವರ ಕೆಳಗಿನ ಮನೆ ನನ್ನದು. ಮೇಲೆ ಇವತ್ತು ಏನು ಸಾರು, ಅವನು ಬಿಪಿ ಮಾತ್ರೆ ನುಂಗಿದನೋ ಇಲ್ಲವೋ, ಇಡೀ ಕಟ್ಟಡಕ್ಕೆ ಗೊತ್ತಾಗುತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಕಿವಿಗೆ ಮಷೀನು ಹಾಕಿಸಿಕೋ ಅಂದರೆ ಉರಿದು ಬೀಳುತ್ತಿದ್ದ. "ಅದು ಮುದುಕರು ಹಾಕ್ಕೊಳ್ಳೋದು!"

"ನಿಂಗೀಗ ಎಪ್ಪತ್ತಾರು, ಮಾರಾಯ!"

"ಹಾಂ? ಯಾವ ಆರು?"

ಆಸ್ಪತ್ರೆಯಲ್ಲಿ, ಅಂಚೆ ಕಚೇರಿಯಲ್ಲಿ, ಮಗಳ ಫೋನು ಬಂದಾಗ, ಯಾರು ಏನೆಂದರೂ ಅವಳು ಅದನ್ನೇ ಇನ್ನೊಮ್ಮೆ ಕೂಗಿ ಹೇಳಬೇಕು. ಬರಬರುತ್ತ, ಕೂಗಿ ಹೇಳುವಷ್ಟು ದೊಡ್ಡದಲ್ಲದ ಮಾತನ್ನೆಲ್ಲ ಅವಳು ಹೇಳುವುದೇ ಬಿಟ್ಟಳು.

ಕಳೆದ ಮಾರ್ಚಿನಲ್ಲಿ ಅವಳ ಧ್ವನಿ ಕಟ್ಟಿತು. ನೆಗಡಿ ಅಂದುಕೊಂಡೆವು. ಮೂರು ವಾರವಾದರೂ ಬಿಡಲಿಲ್ಲ. ಡಾಕ್ಟರು ಗಂಟಲಲ್ಲಿ ನಳಿಗೆ ಇಳಿಸಿ ನೋಡಿ, ಕೂಗಿ ಕೂಗಿ ಗಂಟು ಬಿದ್ದಿದೆ, ಒಂದು ತಿಂಗಳು ತುಟಿ ಬಿಚ್ಚಬಾರದು, ಪಿಸುಮಾತೂ ಕೂಡದು, ಇಲ್ಲವಾದರೆ ಕೊಯ್ಯಬೇಕಾಗುತ್ತದೆ ಅಂದರು. ಜೊತೆಗೆ ಹೋಗಿದ್ದ ನಾನೇ ಅದನ್ನು ಸ್ಟೊಯ್ಮೆನ್‌ಗೆ ಕೂಗಿ ತಿಳಿಸಿದೆ.

ಮೇಲಿನ ಮನೆ ಮೌನವಾಯಿತು. ಹತ್ತು ದಿನ ಕಳೆದ ಮೇಲೆ ನೆವ್ಯಾನಾ ನನ್ನ ಅಡುಗೆಮನೆಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: "ದೋನ್ಕಾ, ಹೇಳೋಕೆ ನಾಚಿಕೆ. ಎಷ್ಟೋ ವರ್ಷದ ಮೇಲೆ ನನಗೆ ಆರಾಮಾಗಿದೆ." ನಾನು ಓದಿದ ಕೂಡಲೇ ಆ ಹಾಳೆ ಹರಿದು ಒಲೆಗೆ ಹಾಕಿದಳು.

ಅವನಿಗೆ ಮಾತ್ರ ಆರಾಮಿರಲಿಲ್ಲ. ಅವಳು ಚೀಟಿ ಬರೆದಿಟ್ಟರೆ ಕನ್ನಡಕ ಹುಡುಕುವುದಕ್ಕೂ ಬೇಸರ. ಬಾಲ್ಕನಿಯ ಟೊಮೆಟೊ ಸಸಿಗಳಿಗೆ ನೀರು ಹಾಕುವುದು ಬಿಟ್ಟ. ಅರ್ಧ ತಟ್ಟೆ ತಿಂದು ಏಳುತ್ತಿದ್ದ. ಬಿಪಿ ನೂರ ಎಂಬತ್ತು ದಾಟಿತು. ಒಂದು ಬೆಳಿಗ್ಗೆ ಮನೆಯೊಳಗಿನ ಚಪ್ಪಲಿಯಲ್ಲೇ ಇಳಿದು ಬಂದು ನನ್ನ ಬಾಗಿಲಲ್ಲಿ ನಿಂತ.

"ದೋನ್ಕಾ, ಅವಳು ನನ್ನ ಬಿಟ್ಟುಬಿಟ್ಳಾ?"

"ಮೇಲೇ ಇದ್ದಾಳಲ್ಲಣ್ಣ! ಡಾಕ್ಟರು ಮಾತಾಡಬೇಡ ಅಂದಿದ್ದಾರೆ!"

"ಅದು ಗೊತ್ತು. ಮೊದಲು ಕೂಗ್ತಿದ್ಳು. ಅರ್ಧ ತಿಳೀತಿರಲಿಲ್ಲ. ಆದ್ರೂ ನನ್ನ ಕಡೆ ನೋಡ್ತಿದ್ಳು. ಈಗ ನೋಡೋದೂ ಇಲ್ಲ."

ನನಗೆ ರೇಗಿತು. "ಆ ಗಂಟು ಬಿದ್ದದ್ದು ಯಾರಿಂದ ಅಂತ ಯೋಚನೆ ಮಾಡಿದೀಯಾ?" ಅಂತ ಅವನ ಕಿವಿಯ ಹತ್ತಿರವೇ ಕಿರುಚಿದೆ. ಇದು ಒಂದೇ ಸಲಕ್ಕೆ ಕೇಳಿಸಿತು. ತನ್ನ ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ, "ಆ ಮಷೀನು ಎಲ್ಲಿ ಹಾಕ್ತಾರೆ? ಬರ್ತೀಯಾ ಜೊತೆಗೆ?" ಅಂದ.

ತಿಂಗಳು ಮುಗಿಯುವಷ್ಟರಲ್ಲಿ ಅವನ ಕಿವಿಗೆ ಮಷೀನು ಬಂದಿತ್ತು. ಆ ದಿನ ನಾನೂ ಮೇಲೆ ಹೋಗಿದ್ದೆ. ಅವಳು ಮೊಸರು, ಬ್ರೆಡ್ಡು ಮೇಜಿನ ಮೇಲಿಟ್ಟು ಮೊದಲ ಮಾತಾಡಿದಳು. ಉಪ್ಪುಕಾಗದ ಉಜ್ಜಿದಂಥ ಸಣ್ಣ ಧ್ವನಿ.

"ಮಾತ್ರೆ ತಗೊಂಡ್ಯಾ?"

ಅವನು ಚಮಚ ಕೆಳಗಿಟ್ಟ. "ಸಿಟ್ಟಿಲ್ವಾ ನಿಂಗೆ?"

"ಯಾವ ಸಿಟ್ಟು?"

"ಇಷ್ಟು ವರ್ಷ ನಿನ್ನ ಮುಖ ನೋಡಿದಾಗೆಲ್ಲ ಬಾಯಿ ದೊಡ್ಡದು, ಕತ್ತಿನ ನರ ಉಬ್ಬಿರೋದು. ನನ್ನ ಕಂಡ್ರೆ ಸಿಟ್ಟು ಅಂದ್ಕೊಂಡು ಸುಮ್ಮನಿರ್ತಿದ್ದೆ."

"ನಾನು ಹೇಳೋದು ನಿಂಗೆ ಬೇಕಾಗೇ ಇಲ್ಲ ಅಂದ್ಕೊಂಡಿದ್ದೆ," ಅಂದಳು ಅವಳು. ಅವಳಿಗೆ ಅಳುವ ಶಕ್ತಿಯೂ ಉಳಿದಂತಿರಲಿಲ್ಲ. ಬ್ರೆಡ್ಡು ಮುರಿದು ಅವನ ತಟ್ಟೆಗೆ ಹಾಕಿದಳು.

ಧ್ವನಿ ಪೂರ್ತಿ ಮರಳಲಿಲ್ಲ. ಅವನ ಬಿಪಿ ಇಳಿದಿದೆ, ಆದರೆ ನಲ್ಲಿ, ಫ್ರಿಜ್ಜು, ಚಮಚಗಳ ಸದ್ದಿಗೆ ತಲೆನೋವು ಬಂದು ಮಧ್ಯಾಹ್ನ ಮಷೀನು ತೆಗೆದಿಡುತ್ತಾನೆ. ಆಗ ಅವಳು ಕೂಗುವುದಿಲ್ಲ, ಹೆಣಿಗೆ ಹಿಡಿದು ನನ್ನ ಮನೆಗೆ ಇಳಿದು ಬರುತ್ತಾಳೆ. ನಾವಿಬ್ಬರೂ ಮಾತಾಡದೆ ಕೂರುತ್ತೇವೆ.

ಮೊನ್ನೆ ಅವನು ನನ್ನ ಬಾಗಿಲಿಗೆ ಬಂದ. "ಮಷೀನು ಹಾಕ್ಕೊಂಡಿದೀನಿ. ಮಗಳು ಫೋನಲ್ಲಿ ಏನಂದ್ಳು ಹೇಳು ಬಾ."

"ಎರಡು ಸಾಲು ಬಾಕಿ ಇದೆ, ತಡಿ," ಅಂದಳು ಅವಳು, ಹೆಣಿಗೆಯಿಂದ ತಲೆ ಎತ್ತದೆ, ನನಗೇ ಕೇಳಿಯೂ ಕೇಳದ ಹಾಗೆ.

"ಆಯ್ತು," ಅಂತ ಅವನು ಮೆಟ್ಟಿಲ ಮೇಲೆ ಕೂತ.