ಚಿಕ್ಕು ಹಣ್ಣಿಗಿಟ್ಟ ಹರವಿ

ನಾನು ಒಂದು ಮಣ್ಣಿನ ಹರವಿ. ಹುಟ್ಟಿದ್ದು ಕಲಘಟಗಿಯ ಕುಂಬಾರ ಓಣಿಯಲ್ಲಿ. ಆವಿಗೆಯಲ್ಲಿ ಬೇಯುವಾಗ ಪಕ್ಕದ ಗಡಿಗೆ ಸಿಡಿದು, ನನ್ನ ಹೊಟ್ಟೆಯ ಮೇಲೆ ಕಣ್ಣಿಗೆ ಕಾಣದಂಥ ಬಿರುಕು ಬಿತ್ತು. ನನ್ನನ್ನು ಮೊದಲು ಕೊಂಡವರು ಧಾರವಾಡದ ಒಬ್ಬ ವಕೀಲರು. ಸಂಜೆ ತುಂಬಿಸಿದ ನೀರು ಬೆಳಗಾಗುವಷ್ಟರಲ್ಲಿ ನೆಲದ ಪಾಲಾಗುತ್ತಿತ್ತು. ಬೇಸತ್ತು ನನ್ನನ್ನು ತಿಪ್ಪೆಯ ಹತ್ತಿರ ಇಟ್ಟರು. ನೆರೆಮನೆಯ ಗಂಗವ್ವ ನೋಡಿದಳು.

"ನೀರು ನಿಲ್ಲಲಿಲ್ಲಂದ್ರ ಏನಾತು, ಹಣ್ಣು ನಿಲ್ತಾವ," ಎಂದು ಸೊಂಟದ ಮೇಲಿಟ್ಟುಕೊಂಡು ಹೋದಳು.

ಅವಳ ಹಿತ್ತಲಲ್ಲಿ ಚಿಕ್ಕು ಮರವಿತ್ತು. ಮರದಲ್ಲೇ ಹಣ್ಣಾಗಲು ಬಿಟ್ಟರೆ ಬಾವಲಿಗಳ ಪಾಲು. ಬಲಿತ ಕಾಯಿ ಕೀಳಿಸಿ, ಹಾಲು ಸೋರಿಸಿ, ಒರೆಸಿ, ನನ್ನೊಳಗೆ ಹುಲ್ಲಿನ ನಡುವೆ ಮಲಗಿಸುತ್ತಿದ್ದಳು. ಮುಚ್ಚಳದ ಮೇಲೊಂದು ಗೋಣಿಚೀಲ. ಇಟ್ಟ ಕೈಯೇ ತೆಗೆಯಬೇಕು, ಹಣ್ಣಾಗುವ ಮೊದಲು ಯಾರೂ ಮುಟ್ಟಬಾರದು ಎಂಬುದು ಅವಳ ಕಟ್ಟಳೆ.

ಒಂದು ವರ್ಷ ಆ ಕಟ್ಟಳೆ ಮುರಿಯಿತು. ಅವಳ ಗಂಡ ಗುರುಪಾದಪ್ಪನ ತಂಗಿ ದಾಕ್ಷಾಯಣಿ ತಾನು ಮೆಚ್ಚಿದವನನ್ನು ಮದುವೆಯಾಗಿ ಹೋದಂದಿನಿಂದ ಅಣ್ಣ ಅವಳೊಡನೆ ಮಾತು ಬಿಟ್ಟಿದ್ದ. ಈಗ ಅವಳು, ರವಿವಾರ ಬಂದು ಸಂಜೆಯ ಗಾಡಿಗೆ ಹೋಗುತ್ತೇನೆ ಎಂದು ಹೇಳಿಕಳಿಸಿದ್ದಳು. ಆ ಸಲ ಮರ ಹತ್ತಿದವನು ಗುರುಪಾದಪ್ಪನೇ. ಉಗುರಿನಿಂದ ಸಿಪ್ಪೆ ಗೀರಿ, ಒಳಗೆ ಹಸಿರು ಕಂಡದ್ದನ್ನು ಬಿಟ್ಟು ಹಳದಿ ಕಂಡದ್ದನ್ನು ಮಾತ್ರ ಕಿತ್ತ.

"ಆಕೀಗೆ ಚಿಕ್ಕು ಅಂದ್ರ ಜೀವ," ಎಂದಳು ಅವನ ತಾಯಿ ನೀಲವ್ವ.

"ಬಾವಲಿ ತಿಂತಾವಂತ ಕಿತ್ತೇನಿ," ಎಂದ ಅವನು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಗಂಗವ್ವ ನೀರಿಗೆ ಹೋದೊಡನೆ ನೀಲವ್ವ ಬಂದು ಮುಚ್ಚಳ ಎತ್ತುವಳು. ಒಂದು ಕಾಯಿ ಒತ್ತಿ ನೋಡಿ, ಒತ್ತಿದ ಕಡೆಯನ್ನು ಕೆಳಗೆ ಮಾಡಿ ಇಡುವಳು. ಅವಳು ಪೂಜೆಗೆ ಕೂತರೆ ಗುರುಪಾದಪ್ಪ. ಅವನು ಹೊರಬಿದ್ದರೆ ಕಟ್ಟಳೆ ಮಾಡಿದ ಗಂಗವ್ವನೇ. ನಾನು ಕೂಡಿಟ್ಟ ಕಾವು ಪ್ರತಿ ಸಲ ಹಾರಿಹೋಗುವುದು. ಕಾಯಿಗಳು ಅಲ್ಲಲ್ಲಿ ಕಪ್ಪಾದವೇ ಹೊರತು ಹಣ್ಣಾಗಲಿಲ್ಲ.

ದಾಕ್ಷಾಯಣಿ ಬಂದಳು. ಅಣ್ಣ ಪೇಪರಿನಿಂದ ಮುಖ ಎತ್ತಲಿಲ್ಲ. ಗಂಗವ್ವ ಹುಲ್ಲು ಸರಿಸಿ ಪೆಚ್ಚಾದಳು. ಹೆಬ್ಬೆರಳ ಗುರುತಿಲ್ಲದ ಕಾಯಿ ಒಂದೂ ಇರಲಿಲ್ಲ.

"ಯಾರು ಒತ್ಯಾರ ಇವನ್ನ?"

"ನಾ ಯಾಕ ಒತ್ತಲಿ? ನನಗ ಹಲ್ಲೇ ಇಲ್ಲ," ಎಂದಳು ನೀಲವ್ವ.

ದಾಕ್ಷಾಯಣಿ ಒಂದು ಕಾಯಿ ತೆಗೆದುಕೊಂಡು ಅದರ ತಗ್ಗಿನಲ್ಲಿ ತನ್ನ ಹೆಬ್ಬೆರಳಿಟ್ಟಳು. ಸುತ್ತಲೂ ಜಾಗ ಉಳಿಯಿತು.

"ವೈನಿ, ಇದು ಹೆಣ್ಮಕ್ಕಳ ಬೆರಳಲ್ಲ."

ಪೇಪರು ಸದ್ದು ಮಾಡಿತು. ಅವಳು ಅದೇ ಕಾಯಿಯನ್ನು ಕಚ್ಚಿದಳು. ಒಗರಿಗೆ ಮುಖ ಕಿವುಚಿದರೂ ಉಗುಳದೆ ಅಗಿದಳು. ಗಾಡಿಯ ಹೊತ್ತಾದಾಗ ಎದ್ದು ಚಪ್ಪಲಿ ಮೆಟ್ಟಿದಳು.

ಆಗ ಗುರುಪಾದಪ್ಪ ಬಾಯಿಬಿಟ್ಟ. "ಅವು ಇನ್ನೂ ಕಾಯಿ ಅದಾವ. ಹಣ್ಣಾಗೂತನಕ ಇರು."

ಅವಳು ಚಪ್ಪಲಿ ಬಿಟ್ಟಳು. ಮುಚ್ಚಳ ಹಾಕಿ ಗೋಣಿ ಹೊದಿಸಿದವನು ಅವನೇ. ಆಮೇಲೆ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ಹಣ್ಣಾದದ್ದು ಕಂಡರೆ ಅವಳು ಹೊರಟುಬಿಡುತ್ತಾಳಲ್ಲ.

ಈಗ ನನ್ನ ಅಂಚು ಒಡೆದಿದೆ. ಹಿತ್ತಲ ಗೋಡೆಗೆ ಒರಗಿದ್ದೇನೆ, ಹೊಟ್ಟೆಯಲ್ಲಿ ಒಣಗಿದ ಎಲೆ. ಈ ಹರವಿಯ ಕಾವೇ ಕಾವು ಎಂದು ಜನ ಹೊಗಳುತ್ತಿದ್ದರು. ಕಾವು ನನ್ನದಾಗಿರಲಿಲ್ಲ, ಕಾಯಿಗಳದ್ದೇ. ಅದು ಹೊರಗೆ ಹೋಗದಂತೆ ಸುಮ್ಮನೆ ಕೂತದ್ದಷ್ಟೇ ನಾನು ಮಾಡಿದ ಕೆಲಸ. ಅಷ್ಟು ಕೂರುವುದೂ ಸುಲಭವಾಗಿರಲಿಲ್ಲ.